ಹಾಡೋ ಡಬ್ಬಿಗೆ ಝಳಾ ಬಡದಾಗ

ಹೋದ ಸಲ ಹುಣಸಿ ತೊಕ್ಕಿನ ಬಗ್ಗೆ ಬರದಾಗ, ಮುಂದ ಮಾವಿನಕಾಯಿ ಉಪ್ಪಿನಕಾಯಿದು ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಬರೀಬೇಕು ಅಂತನ ಕೂತಿದ್ದೆ. ಆದ್ರ ಈ ಎರಡು ತಿಂಗಳು ನಮ್ಮ ಮನ್ಯಾಗ ನಡದದ್ದು ಉಪ್ಪಿನಕಾಯಿ ಕಥಿ ಅಲ್ಲ, ಒಂದು ಡಬ್ಬಿ ಕಥಿ. ಅದನ್ನ ಹೇಳದ ಬ್ಯಾರೆ ಏನು ಬರದ್ರೂ ಮನಸ್ಸಿಗೆ ಸಮಾಧಾನ ಆಗೂದಿಲ್ಲ. ಯಾಕಂದ್ರ ಅದರಾಗ ನಂದೊಂದು ಸುಳ್ಳು ಸೇರ್ಕೊಂಡದ. ಸುಳ್ಳು ಹೇಳಿದ್ದು ಅತ್ತಿಯವರಿಗೆ.

ಡಬ್ಬಿ ಅಂದ್ರ ಹೋಮ್ ಥಿಯೇಟರಿನ ರಿಸೀವರ್. ಟೀವಿ, ಸಿಡಿ, ಪೆನ್‌ಡ್ರೈವ್, ಯಾವದರ ಧ್ವನಿ ಇರಲಿ, ಮೊದಲು ಇದರೊಳಗ ಹೋಗ್ತದ. ಇದು ಅದಕ್ಕ ಶಕ್ತಿ ತುಂಬಿ ಸುತ್ತಲಿನ ಸ್ಪೀಕರಿಗೆ ಕಳಸ್ತದ. ನಮ್ಮನಿಯವರು 2016ರಾಗ ತಂದದ್ದು. ಕರೇ ಬಣ್ಣ, ಎರಡೂ ಕೈಲೆ ಎತ್ತಬೇಕು, ಅಷ್ಟು ಭಾರ. ಹುಡುಗ್ರು ಸಿನಿಮಾ ನೋಡ್ತಾರ ಅಂತ ತಂದದ್ದು ಖರೇ, ಆದ್ರ ಹುಡುಗ್ರು ಈಗ ಮೊಬೈಲ್‌ನಾಗ ನೋಡ್ತಾರ. ಡಬ್ಬಿ ಪೂರ್ತಿ ಅತ್ತಿಯವರ ಪಾಲಿಗೆ ಬಂದದ.

ನಮ್ಮ ಅತ್ತಿಯವರನ್ನ ನೋಡಿದವರಿಗೆ ಗೊತ್ತಿರಬೇಕು, ಅವರ ಕೈಯಾಗ ಯಾವಾಗಲೂ ಕ್ರೋಶಾ ಸೂಜಿ ಇರ್ತಿತ್ತು. ನಿಮ್ಮೊಳಗ ಕೆಲವರ ಮನ್ಯಾಗ ಅವರು ಹೆಣದ ಬಾಗಿಲ ತೋರಣ, ತಟ್ಟಿ ಮುಚ್ಚೋ ಜಾಳಿಗಿ ಇನ್ನೂ ಇರಬೇಕು. ಆರು ವರ್ಷದ ಹಿಂದ ಗ್ಲಾಕೋಮಾ ಅಂತ ಗೊತ್ತಾತು. ಗೊತ್ತಾಗೋ ಹೊತ್ತಿಗೆ ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ಈಗ ಎದುರಿಗೆ ಇದ್ದದ್ದು ಒಂದೀಟು ಕಾಣ್ತದ, ಅಕ್ಕಪಕ್ಕದ್ದು ಕಾಣೂದಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕ್ತೀವಿ, ಇದ್ದದ್ದನ್ನ ಉಳಿಸ್ಕೊಳ್ಳಿಕ್ಕೆ. ಹೋದದ್ದು ತಿರುಗಿ ಬರೂದಿಲ್ಲ ಅಂತ ಡಾಕ್ಟರು ಮೊದಲ ದಿನಾನ ಹೇಳ್ಯಾರ. ಪುಸ್ತಕ ಹೋತು, ಸೂಜಿ ಹೋತು, ಟೀವಿ ಹೋತು. ಉಳಿದದ್ದು ಕಿವಿ.

ಆ ಕಿವಿನರೆ ಎಂಥಾದ್ದು! ಧಾರವಾಡದಾಗ ಹುಟ್ಟಿ ಬೆಳದವರು. ಆಕಾಶವಾಣಿ ಕೇಳಿಕೋತ ಅಡಗಿ ಮಾಡಿದವರು, ಮಲ್ಲಿಕಾರ್ಜುನ ಮನ್ಸೂರರನ್ನ ಎದುರಿಗೆ ಕೂತು ಕೇಳಿದವರು. ದಿನಾ ಸಂಜಿಕೆ ದೇವರಿಗೆ ದೀಪಾ ಹಚ್ಚಿದ ಮ್ಯಾಲೆ ಪಡಸಾಲ್ಯಾಗ ತಮ್ಮ ಬೆತ್ತದ ಕುರ್ಚಿ ಮ್ಯಾಲೆ ಕೂಡ್ತಾರ. ನಾ ಪೆನ್‌ಡ್ರೈವ್ ಹಾಕಿ ಶುರು ಮಾಡಿ ಕೊಡ್ತೀನಿ. ಒಂದಿನ ಮನ್ಸೂರರು, ಒಂದಿನ ಗಂಗೂಬಾಯಿ ಹಾನಗಲ್ಲರು, ಶುಕ್ರವಾರ ಭೀಮಸೇನ ಜೋಶಿಯವರ ದಾಸರ ಪದ. ಎರಡು ತಾಸು ಅವರು ಯಾರಿಗೂ ಏನೂ ಕೇಳೂದಿಲ್ಲ. ಆ ಎರಡು ತಾಸು ಅವರು ಕಣ್ಣು ಕಾಣದ ಮುದುಕಿ ಅಲ್ಲ. "ಇಲ್ಲಿ ನಿಷಾದ ಹೆಂಗ ಹಚ್ಚಿದ್ರು ನೋಡು" ಅಂತ ನನಗ ಪಾಠಾ ಹೇಳೋ ಗುರುಗಳು.

ಮಾರ್ಚ್ ತಿಂಗಳ ಒಂದು ಸಂಜಿ. ಮನ್ಸೂರರದು ನಡದಿತ್ತು. ವಿಲಂಬಿತ ಮುಗದು ಇನ್ನೇನು ದ್ರುತ್ ಹಿಡೀಬೇಕು, ಟಕ್ ಅಂತ ಸಪ್ಪಳಾತು, ಮನಿ ತುಂಬ ಸುಮ್ಮಗ. ನಾ ಅಡಗಿ ಮನ್ಯಾಗಿಂದ ಓಡಿ ಬಂದು ನೋಡ್ತೀನಿ, ಕರೆಂಟ್ ಅದ, ಫ್ಯಾನ್ ತಿರಗಲಿಕ್ಕತ್ತದ. ಡಬ್ಬಿ ಒಂದ ಆರ್‍ಯದ. ಕೆಂಪು ದೀಪಾ ಮಾತ್ರ ಪಕಪಕ ಅನ್ನಲಿಕ್ಕತ್ತಿತ್ತು. ಬಟನ್ ಒತ್ತಿದೆ, ಹತ್ತಲಿಲ್ಲ. ಅರ್ಧಾ ತಾಸು ಬಿಟ್ಟು ಒತ್ತಿದೆ, ಹತ್ತಿತು. ಹೋಗಲಿ ಬಿಡು ಅಂದೆ.

ಎರಡು ದಿನಕ್ಕ ಮತ್ತ ಹಂಗ. ಆಮ್ಯಾಲೆ ದಿನಾ. ಮೊದಲು ಒಂದು ತಾಸಿಗೆ ಆರತಿತ್ತು, ಏಪ್ರಿಲ್ ಬರೋ ಹೊತ್ತಿಗೆ ನಲವತ್ತು ನಿಮಿಷಕ್ಕ. ಧಾರವಾಡದ ಏಪ್ರಿಲ್ ನಿಮಗ ಗೊತ್ತಲ್ಲ, ಮೋಡಾ ಕಟ್ಟತಾವ, ಮಳಿ ಬರೂದಿಲ್ಲ, ಸಂಜೀತನಕ ಗ್ವಾಡಿ ಕಾವು ಬಿಡತಾವ. ಅಂಥಾದ್ರಾಗ ಒಂದು ಸಂಜಿ ನಾ ಪೆನ್‌ಡ್ರೈವ್ ತಗೊಂಡು ಹೋದ್ರ ಅತ್ತಿಯವರು ಕೈ ಅಡ್ಡಾ ಮಾಡಿದ್ರು. "ಬ್ಯಾಡವಾ, ಇವತ್ತು ಬ್ಯಾಡ. ಅರ್ಧಕ್ಕ ಕಡಕೊಂಡ್ರ ಕೇಳದ ಇದ್ದದ್ದಕಿಂತ ಕಡೀ ಆಗ್ತದ." ಹಂಗಂದು ದೀಪದ ಕಡೆ ಮುಖಾ ಮಾಡಿ ಕೂತ್ರು. ಎರಡು ತಾಸು ಹಂಗ ಕೂತ್ರು. ನನಗ ಅವತ್ತು ಊಟಾ ಸೇರಲಿಲ್ಲ.

ರಿಪೇರಿಯವನನ್ನ ಕರಿಸಿದ್ವಿ. ಅಂವಾ ಬಂದು ಹತ್ತು ನಿಮಿಷ ನೋಡಿ, ಬೋರ್ಡ್ ಹೋಗೇದ, ಹೊಸಾದು ಹಾಕಿದ್ರ ಎಂಟೂವರಿ ಸಾವಿರ, ಅಷ್ಟರಾಗ ಇನ್ನೊಂದೀಟು ಹಾಕಿದ್ರ ಹೊಸಾ ಸೌಂಡ್‌ಬಾರ್ ಬರ್ತದ ಅಂದ. ನಮ್ಮನಿಯವರು "ಹಂಗ ಮಾಡೂಣು" ಅಂದ್ರು. ಅತ್ತಿಯವರು ಏನೂ ಅನ್ನಲಿಲ್ಲ. ನನಗ ಯಾಕೋ ಒಪ್ಪಲಿಲ್ಲ. ಬೋರ್ಡ್ ಹೋಗಿದ್ರ ಅರ್ಧಾ ತಾಸು ಬಿಟ್ಟು ಮತ್ತ ಹೆಂಗ ಹಾಡ್ತದ? ಸತ್ತವರು ಅರ್ಧಾ ತಾಸು ಮಲಗಿ ಏಳೂದಿಲ್ಲಲ್ಲ.

ಅಕ್ಕನ ಮಗಾ ಬೆಂಗಳೂರಾಗ ಇಂಥಾವೇ ಯಂತ್ರಗಳ ಕೆಲಸಾ ಮಾಡ್ತಾನ. ಅವಂಗ ಫೋನ್ ಹಚ್ಚಿದೆ. ಅಂವಾ ಮೊದಲು ಕೇಳಿದ್ದು ಒಂದ ಪ್ರಶ್ನಿ: "ಮೌಶಿ, ಆರೂದು ಯಾವಾಗ? ಹಚ್ಚಿದ ಕೂಡಲೇನೋ, ಹೊತ್ತು ಹೋದ ಮ್ಯಾಲೋ?" ಅದರ ಮ್ಯಾಲೇನ ಅರ್ಧಾ ರೋಗಾ ಗೊತ್ತಾಗ್ತದಂತ. ಹಚ್ಚಿದ ಎರಡು ಸೆಕೆಂಡಿಗೆ ಆರಿದ್ರ ಸ್ಪೀಕರಿನ ವಾಯರು ಎಲ್ಲೋ ಒಂದಕ್ಕೊಂದು ತಾಗ್ಯಾವ, ಇಲ್ಲಾ ಒಳಗ ಏನೋ ಸುಟ್ಟದ. ಒಂದು ವಾಯರಿನ ಕೂದಲಿನಷ್ಟು ಸಣ್ಣ ಎಳಿ ಪಕ್ಕದ ಸ್ಕ್ರೂಕ್ಕ ಮುಟ್ಟಿದ್ರೂ ಸಾಕು. ಅರ್ಧಾ ತಾಸು, ಒಂದು ತಾಸು ಹಾಡಿ ಆಮ್ಯಾಲೆ ಆರಿದ್ರ ಅದು ಬಹಳ ಸಲ ಕಾವಿನ ರೋಗಾ. ಒಳಗ ಕಾವು ಅಳಿಯೋ ಸಣ್ಣ ಸಾಧನ ಇರ್ತದ, ಮಿತಿ ಮೀರಿದ್ರ ಡಬ್ಬೀನ ತನ್ನನ್ನ ತಾನು ಆರಿಸ್ಕೋತದ. "ಅದು ಕೆಟ್ಟಿಲ್ಲ ಮೌಶಿ, ಕೆಡಬಾರದು ಅಂತ ಆರಲಿಕ್ಕತ್ತದ" ಅಂದ.

ಇಷ್ಟು ಕಾವು ಎಲ್ಲಿಂದ ಬರ್ತದಪಾ ಅಂತ ಕೇಳಿದೆ. ಇಂಥಾ ಡಬ್ಬಿ ಗ್ವಾಡಿಯಿಂದ ಎಳಕೊಂಡ ಕರೆಂಟೆಲ್ಲಾ ಹಾಡಾಗೂದಿಲ್ಲಂತ. ಜೋರಾಗಿ ಹಚ್ಚಿದಾಗ ಸುಮಾರು ಅರ್ಧಾ ಸ್ಪೀಕರಿಗೆ ಹೋಗ್ತದ, ಉಳಿದರ್ಧಾ ಒಳಗ ಕಾವಾಗಿ ಉಳೀತದ. ಸಣ್ಣ ಧ್ವನಿ ಇದ್ದಾಗ ಎಳಕೊಳ್ಳೂದು ಕಡಿಮಿ, ಆದ್ರ ಎಳಕೊಂಡದ್ದರಾಗ ಮುಕ್ಕಾಲಿಗಿಂತ ಹೆಚ್ಚು ಕಾವಿಗೇ ಹೋಗ್ತದ. ಅದಕ್ಕ ಒಳಗ ಅಲ್ಯೂಮಿನಿಯಮ್ ಪಟ್ಟಿಗಳ ಸಾಲು ಇಟ್ಟಿರ್ತಾರ. ಅವು ಕಾವು ಎಳಕೊಂಡು ಗಾಳಿಗೆ ಕೊಡ್ತಾವ. ಕೆಳಗಿನ ತೂತಿನಿಂದ ತಂಪು ಗಾಳಿ ಒಳಗ ಬಂದು, ಬಿಸಿಯಾಗಿ, ಮ್ಯಾಲಿನ ತೂತಿನಿಂದ ಹೊರಗ ಹೋಗ್ಬೇಕು. ಹಳೀ ಅಡಗಿ ಮನಿ ಹೊಗಿಗಂಡಿ ಹೆಂಗೋ ಹಂಗ. ಹೊಗಿಗಂಡಿ ಮುಚ್ಚಿ ಒಲಿ ಹಚ್ಚಿದ್ರ ಏನಾಗ್ತದ?

ಫೋನ್ ಇಟ್ಟು ಡಬ್ಬಿ ಕಡೆ ನೋಡಿದೆ. ಏನು ಹೇಳ್ಲಿ! ಟೀವಿ ಕೆಳಗಿನ ಶೋಕೇಸಿನಾಗ ಅದು, ಮುಂದ ಗಾಜಿನ ಬಾಗಿಲಾ ಹಾಕೇದ, ಧೂಳಾ ಬೀಳಬಾರದು ಅಂತ. ಹಿಂದ ಪ್ಲೈವುಡ್, ವಾಯರ್ ಹೋಗಲಿಕ್ಕೆ ಮುಷ್ಟಿಯಷ್ಟು ತೂತು. ಡಬ್ಬಿ ಮ್ಯಾಲೆ ಸೆಟ್‌ಟಾಪ್ ಬಾಕ್ಸ್. ಮತ್ತ ಅದರ ಕೆಳಗ, ಡಬ್ಬಿಯ ಮ್ಯಾಲಿನ ತೂತೆಲ್ಲಾ ಮುಚ್ಚಿ, ಅತ್ತಿಯವರ ಕ್ರೋಶಾ ಜಾಳಿಗಿ.

ಆ ಜಾಳಿಗಿ ಬಗ್ಗೆ ಹೇಳಲೇಬೇಕು. ಕೆನಿ ಬಣ್ಣದ ದಾರ, ನಡುವ ನವಿಲು, ಸುತ್ತ ಮಲ್ಲಿಗಿ ಮೊಗ್ಗಿನ ಅಂಚು. ಡಬ್ಬಿ ಮನಿಗೆ ಬಂದಾಗ ಅದರ ಅಳತಿ ತಗೊಂಡು ಹೆಣಿಯಲಿಕ್ಕೆ ಹಿಡಿದದ್ದು. ನವಿಲಿನ ಬಾಲದಾಗ ಒಂದು ಕಡೆ ಮನಿ ತಪ್ಪ್ಯಾವ. ಅತ್ತಿಯವರು ಮನಿ ತಪ್ಪಿದ್ದು ನಾ ಅದೇ ಮೊದಲು ನೋಡಿದ್ದು. ಕಣ್ಣಿಗೆ ಏನೋ ಆಗೇದ ಅಂತ ನಮಗ ಅವಾಗ ಹೊಳಿಲಿಲ್ಲ. ಅವರು ಪೂರ್ತಿ ಮಾಡಿದ ಕಡೀ ಹೆಣಿಕಿ ಅದು. ಈಗಲೂ ದಿನಾ ಮುಂಜಾನೆ ಗಾಜಿನ ಬಾಗಿಲಾ ತಗದು, ಕೈಲೆ ಸವರಿ, ಸುಕ್ಕು ಬಿಡಿಸಿ ಇಡ್ತಾರ.

ಅದನ್ನ ತಗೀಬೇಕು ಅಂತ ಅವರಿಗೆ ಹೆಂಗ ಹೇಳೂದು? "ನಿಮ್ಮ ಹೆಣಿಕಿಯಿಂದನ ನಿಮ್ಮ ಹಾಡು ನಿಂತದ" ಅನ್ನಲಾ? ನಾಲಿಗಿ ಹೊರಳಲಿಲ್ಲ. ಮಧ್ಯಾಹ್ನ ಅವರು ಮಲಗಿದಾಗ ಸುಮ್ಮನ ತಗದು ಮಡಚಿ ನನ್ನ ಕಪಾಟಿನ್ಯಾಗ ಇಟ್ಟೆ. ಮರುದಿನ ಮುಂಜಾನೆ ಅವರ ಕೈಗೆ ಬರೇ ತಗಡು ಹತ್ತಿತು. "ಹೆಣಿಕಿ ಎಲ್ಲಿ?" ಅಂದ್ರು. "ಒಗೀಲಿಕ್ಕೆ ಹಾಕೀನ್ರಿ" ಅಂದೆ. ಇದ ಆ ಸುಳ್ಳು. ಅವರು ಹೂಂ ಅಂದ್ರು. ಮರುದಿನಾನೂ ಕೇಳಿದ್ರು. "ಇನ್ನೂ ಒಣಗಿಲ್ರಿ." ಏಪ್ರಿಲ್ ತಿಂಗಳ ಬಿಸಲಾಗ ಕ್ರೋಶಾ ಎರಡು ದಿನಾ ಒಣಗಲಿಲ್ಲ ಅಂದ್ರ ಯಾರು ನಂಬ್ತಾರ? ಮೂರನೇ ದಿನ ಅವರು ಕೇಳೂದ ಬಿಟ್ಟ್ರು. ಅದು ಕೇಳಿದ್ದಕಿಂತ ಕಷ್ಟಾ ಆತು.

ಅಕ್ಕನ ಮಗಾ ಇನ್ನೊಂದು ಮಾತು ಹೇಳಿದ್ದ: "ಒಂದ ಸಲಕ್ಕ ಒಂದ ಬದಲ ಮಾಡ್ರಿ. ಎಲ್ಲಾ ಕೂಡೆ ಬದಲ ಮಾಡಿದ್ರ ಯಾವದರಿಂದ ನೆಟ್ಟಗಾತು ಗೊತ್ತಾಗೂದಿಲ್ಲ." ಇದು ನಮಗೇನು ಹೊಸಾದಲ್ಲ. ಇಡ್ಲಿ ಗಟ್ಟಿ ಆದ್ರ ಅಕ್ಕಿನೂ ಬದಲ ಮಾಡಿ, ಉದ್ದಿನೂ ಹೆಚ್ಚು ಹಾಕಿ, ಒಲಿನೂ ಸಣ್ಣ ಮಾಡಿದ್ರ ಮುಂದಿನ ಸಲಕ್ಕ ಏನು ಕಲತಂಗಾತು? ಹಾಲಿನ ಲೆಕ್ಕದ ಡೈರಿ ಹಿಂದಿನ ಪುಟದಾಗ ಬರೀಲಿಕ್ಕೆ ಶುರು ಮಾಡಿದೆ. ಕೊರೋನಾ ಕಾಲದಾಗ ತಂದ ಜ್ವರಾ ನೋಡೋ ಬಂದೂಕು ಮನ್ಯಾಗ ಇತ್ತು, ಅದರಾಗ ಸಾಮಾನಿನ ಕಾವು ನೋಡೋ ಬಟನ್ನೂ ಅದ. ಡಬ್ಬಿ ತಗಡಿನ ಮ್ಯಾಲೆ ಹಿಡಿದು ನೋಡಿದೆ.

ಇದ್ದದ್ದು ಇದ್ದಂಗ: 40 ನಿಮಿಷಕ್ಕ ಆರಿತು, ತಗಡು 61 ಡಿಗ್ರಿ. ಜಾಳಿಗಿ ತಗದ ಮ್ಯಾಲೆ: 50 ನಿಮಿಷ. ಸೆಟ್‌ಟಾಪ್ ಬಾಕ್ಸ್ ಕೆಳಗ ಇಳಿಸಿದ ಮ್ಯಾಲೆ: 58 ನಿಮಿಷ. ಅದರದೂ ಸ್ವಂತ ಕಾವಿರ್ತದ, ಅದನ್ನ ತಂದು ಇದರ ತಲಿ ಮ್ಯಾಲೆ ಕೂಡಿಸಿದ್ವಿ. ಗಾಜಿನ ಬಾಗಿಲಾ ತಗದಿಟ್ಟ ಮ್ಯಾಲೆ: ಒಂದು ತಾಸು ಇಪ್ಪತ್ತು ನಿಮಿಷ. ಆಮ್ಯಾಲೆ ಪ್ಲಗ್ ಪೂರ್ತಿ ಕಿತ್ತು, ಡಬ್ಬಿ ಆರೂತನಕ ಬಿಟ್ಟು, ಮೆತ್ತನ ಬ್ರಶ್‌ಲೆ ತೂತಿನ ಮ್ಯಾಲಿನ ಧೂಳಾ ಝಾಡಿಸಿ, ವ್ಯಾಕ್ಯೂಮ್ ಸಣ್ಣಗ ಇಟ್ಟು ಹೊರಗಿಂದನ ಎಳದೆ. ಏಳೆಂಟು ವರ್ಷದ ಧೂಳಾ, ಹತ್ತಿ ಬತ್ತಿ ಹೊಸದಂಗ ಉರಳಿ ಉರಳಿ ಬಂತು. ಅವತ್ತು ಒಂದೂವರಿ ತಾಸು.

ಇಲ್ಲಿ ಒಂದು ಮಾತು. ಮ್ಯಾಲಿನ ತಗಡು ಬಿಚ್ಚಲಿಕ್ಕೆ ಮಾತ್ರ ಹೋಗಬ್ಯಾಡ್ರಿ. ಒಳಗ ದೊಡ್ಡ ದೊಡ್ಡ ಕೆಪಾಸಿಟರ್ ಇರ್ತಾವ, ಪ್ಲಗ್ ಕಿತ್ತ ಮ್ಯಾಲೂ ಅವು ಕರೆಂಟ್ ಹಿಡಕೊಂಡಿರ್ತಾವ. ನಾ ಹೊರಗಿಂದ ಏನಾಗ್ತದೋ ಅಷ್ಟ ಮಾಡಿದೆ.

ನಲವತ್ತು ನಿಮಿಷದಿಂದ ಒಂದೂವರಿ ತಾಸಿಗೆ ಬಂದದ್ದು ಸಣ್ಣದಲ್ಲ. ಆದ್ರ ಆರೂದು ಆರತಿತ್ತು. ಇಷ್ಟು ಗಾಳಿ ಆಡಿದ್ರೂ ಯಾಕ? ಹೋದ ವರ್ಷದ ಏಪ್ರಿಲ್‌ನಾಗೂ ಇದ ಶೋಕೇಸ್, ಇದ ಗಾಜು, ಇದ ಜಾಳಿಗಿ, ಇಷ್ಟ ಬಿಸಲು. ಆಗ ಒಂದು ದಿನಾನೂ ಆರಿದ್ದಿಲ್ಲ. ಅಂದ್ರ ಈ ವರ್ಷ ಏನೋ ಹೊಸಾದು ಸೇರೇದ. ಏನದು? ರಾತ್ರಿ ಪಾತ್ರಿ ತಿಕ್ಕಿಕೋತ ಅದನ್ನ ವಿಚಾರ ಮಾಡಲಿಕ್ಕತ್ತಿದ್ದೆ. ತಲಿ ಎತ್ತಿದೆ. ಎದುರಿಗೆ, ಮಸಾಲಿ ಡಬ್ಬಿಗಳ ಮ್ಯಾಲಿನ ಹಲಗಿ ಮ್ಯಾಲೆ, ನನ್ನ ಸ್ಪೀಕರು.

ನಂದ ಅದು. ಹೋದ ದೀಪಾವಳಿಗೆ ನಾನ ಹಟಾ ಮಾಡಿ ಹಾಕಿಸಿಕೊಂಡದ್ದು. "ಅತ್ತಿಯವರು ಅಲ್ಲಿ ಕೂತು ಕೇಳ್ತಾರ, ನನಗ ಕುಕ್ಕರ್ ಶೀಟಿ ಒಂದ ಕೇಳಸ್ತದ, ನನಗೂ ಒಂದು ಹಾಕಿಸಿ ಕೊಡ್ರಿ" ಅಂದಿದ್ದೆ. ಹಳೀ ಮ್ಯೂಸಿಕ್ ಸಿಸ್ಟಮಿನ ಒಂದು ಸ್ಪೀಕರ್ ಅಟ್ಟದ ಮ್ಯಾಲೆ ಇತ್ತು. ಲೈಟಿನ ಕೆಲಸಾ ಮಾಡೋ ಹುಡುಗನ್ನ ಕರಿಸಿದ್ವಿ. ಅಂವಾ ಪಡಸಾಲಿಯ ಬಲಗಡಿ ಸ್ಪೀಕರಿನ ವಾಯರ್ ಯಾವ ಸ್ಕ್ರೂಕ್ಕ ಇತ್ತೋ ಅದಕ್ಕ ಇದರದೂ ಸೇರಿಸಿ ಕೊಟ್ಟ. ಚಂದ ಕೇಳಸ್ತಿತ್ತು. ಒಗ್ಗರಣಿ ಸಪ್ಪಳದಾಗ ಕೇಳಬೇಕಲ್ಲ ಅಂತ ಧ್ವನಿನೂ ನಾಲ್ಕು ಅಂಕಿ ಏರಿಸಿ ಇಡತಿದ್ದೆ.

ಮುಂಜಾನೆ ಎದ್ದಕೂಡಲೆ ಮತ್ತ ಬೆಂಗಳೂರಿಗೆ ಫೋನ್. ಅಂವಾ ನಕ್ಕ. "ಮೌಶಿ, ಇದನ್ನ ಮೊದಲ ಹೇಳಬಾರದ?" ನೀರು ಬಿಟ್ಟ ದಿನದ ಮಾತಿನಾಗ ತಿಳಿಸಿ ಹೇಳಿದ. ಟಾಕಿಯಿಂದ ಒಂದು ನಳಾ ಇದ್ದಲ್ಲೆ ಎರಡು ನಳಾ ಕೂಡಿಸಿ ಬಿಟ್ಟ್ರ ನೀರು ಹರಿಯೂದು ಹೆಚ್ಚಾಗ್ತದೋ ಕಡಿಮಿ ಆಗ್ತದೋ? ಹೆಚ್ಚು. ಸ್ಪೀಕರಿಗೂ ಹಂಗ. ಪ್ರತಿ ಸ್ಪೀಕರಿಗೆ ಕರೆಂಟಿಗೆ ಅಡ್ಡಿ ಮಾಡೋ ಗುಣಾ ಇರ್ತದ, ಅದನ್ನ ಓಂ ಅನ್ನೋ ಅಳತಿಲೆ ಬರೀತಾರ. ನಮ್ಮ ಪಡಸಾಲಿದು 6 ಓಂ, ಅಡಗಿ ಮನಿದೂ 6 ಓಂ. ಎರಡನ್ನೂ ಒಂದ ಸ್ಕ್ರೂಕ್ಕ ಪಕ್ಕಪಕ್ಕಕ್ಕ ಸೇರಿಸಿದ್ರ 12 ಆಗೂದಿಲ್ಲ, 3 ಆಗ್ತದ! ಅಡ್ಡಿ ಅರ್ಧಾ ಆದ್ರ ಹರಿಯೋ ಕರೆಂಟ್ ಎರಡು ಪಟ್ಟು. ಆ ಕರೆಂಟೆಲ್ಲಾ ದಾಟಿ ಹೋಗಬೇಕಾದ್ದು ಡಬ್ಬಿಯ ಎದಿಯೊಳಗಿಂದನ. ಡಬ್ಬಿ ಹಿಂದ ಬ್ಯಾಟರಿ ಹಿಡದು ನೋಡಿದೆ, ಸ್ಕ್ರೂಗಳ ಪಕ್ಕದಾಗ ಸಣ್ಣ ಅಕ್ಷರದಾಗ 6ರಿಂದ 16 ಓಂ ಅಂತ ಬರದದ. ಆರಕ್ಕಿಂತ ಕಡಿಮಿ ಹಚ್ಚಬ್ಯಾಡ್ರಿ ಅಂತ ಅದು ತನ್ನ ಮೈ ಮ್ಯಾಲೇನ ಬರಕೊಂಡಿತ್ತು. ಓದಿದವರು ಯಾರು?

ಪಕ್ಕದ ಮನಿ ಹುಡುಗಾ ಡಿಪ್ಲೊಮಾ ಕಲೀತಾನ, ಮೀಟರ್ ತಂದ. ಡಬ್ಬಿ ಆರಿಸಿ, ಪ್ಲಗ್ ಕಿತ್ತು, ವಾಯರ್ ಬಿಚ್ಚಿ ಅಳದ್ವಿ. ಪಡಸಾಲಿ ಸ್ಪೀಕರ್ ಒಂದ ಇದ್ದಾಗ 5.2. ಮೀಟರಿನ್ಯಾಗ ಬರದದ್ದಕಿಂತ ಒಂದೀಟು ಕಡಿಮೀನ ತೋರಸ್ತದಂತ, ಅದು ಸರೀನ. ಅಡಗಿ ಮನಿದು ಕೂಡಿಸಿದಾಗ 2.7.

ನವೆಂಬರಿನಾಗ ಹಾಕಿಸಿದ್ದು ಮಾರ್ಚ್‌ತನಕ ಯಾಕ ಕಾಟಾ ಕೊಡಲಿಲ್ಲ? ಚಳಿಗಾಲ ಇತ್ತಲ್ಲ. ಪಡಸಾಲ್ಯಾಗ ಸಂಜಿಕೆ ಹತ್ತು ಡಿಗ್ರಿ ಕಡಿಮಿ ಇರ್ತಿತ್ತು, ಅಷ್ಟರಮಟ್ಟಿಗೆ ಡಬ್ಬಿ ತಾಳಿಕೊಂಡಿತ್ತು. ಬಿಸಲು ಬಂದ ಕೂಡಲೆ ಕೈ ಎತ್ತಿತು. ಅದಕ್ಕ ನಾವೆಲ್ಲಾರೂ ಬಿಸಲಿಗೆ ಬೈದ್ವಿ, ಡಬ್ಬಿಗೆ ಬೈದ್ವಿ, ಬೋರ್ಡಿಗೆ ಬೈದ್ವಿ. ನಾ ಅಂತೂ ಮನಸಿನ್ಯಾಗ ಜಾಳಿಗಿಗೆ ಬೈದಿದ್ದೆ.

ಅವತ್ತು ಸಂಜಿಕೆ ಅಡಗಿ ಮನಿ ವಾಯರ್ ಬಿಚ್ಚಿಟ್ಟು ಹಚ್ಚಿದೆ. ಅತ್ತಿಯವರನ್ನ ಕರೀಲಿಲ್ಲ, ಮತ್ತ ಅರ್ಧಕ್ಕ ಕಡಕೊಂಡ್ರ ಏನು ಮಾಡೂದು ಅಂತ. ಆದ್ರ ಹಾಡು ಕೇಳಿದ ಮ್ಯಾಲೆ ಅವರು ಒಳಗ ಕೂಡೂದುಂಟ? ಗ್ವಾಡಿ ಹಿಡಕೋತ ತಾವ ಬಂದು ಕೂತ್ರು. ಮನ್ಸೂರರು ವಿಲಂಬಿತ ಮುಗಿಸಿ ದ್ರುತ್ ಹಿಡಿದ್ರು. ಇಬ್ಬರೂ ಉಸಿರು ಹಿಡಕೊಂಡ ಕೂತಿದ್ವಿ. ಮುಗೀತು. ಮುಂದಿನ ರಾಗ ಶುರು ಆತು. ಎರಡು ತಾಸು ದಾಟಿತು, ಮೂರು ದಾಟಿತು. ಊಟಕ್ಕ ಯಾರೂ ಏಳಲಿಲ್ಲ, ನಮ್ಮನಿಯವರು ತಾವ ಬಡಿಸ್ಕೊಂಡು ಉಂಡ್ರು. ಬಂದೂಕು ಹಿಡಿದು ನೋಡಿದೆ, 43 ಡಿಗ್ರಿ.

ಆಗ ಹೇಳಬೇಕನಸ್ತು. ಕಪಾಟಿನಿಂದ ಜಾಳಿಗಿ ತಂದು ಅವರ ತೊಡಿ ಮ್ಯಾಲೆ ಇಟ್ಟೆ. "ಅತ್ತಿ, ಒಗೀಲಿಕ್ಕೆ ಹಾಕಿದ್ದಿಲ್ರಿ. ಡಬ್ಬಿಗೆ ಕಾವು ಆಗ್ತದ ಅಂತ ತಗದಿಟ್ಟಿದ್ದೆ. ಆದ್ರ ಖರೇ ತಪ್ಪು ನನ್ನ ಸ್ಪೀಕರಿಂದಿತ್ತು" ಅಂತ ಎಲ್ಲಾ ಹೇಳಿದೆ. ಓಂ, ನಳಾ, ಟಾಕಿ, ಎಲ್ಲಾ.

ಅವರು ಜಾಳಿಗಿ ಸವರಿದ್ರು. ಬೆರಳು ನವಿಲಿನ ಬಾಲದ ಮನಿ ತಪ್ಪಿದ ಜಾಗಾಕ್ಕ ಹೋಗಿ ನಿಂತ್ವು. "ಒಗದಿಲ್ಲ ಅಂತ ನನಗ ಗೊತ್ತಿತ್ತು" ಅಂದ್ರು. "ಒಗದ ದಾರದ ವಾಸನಿ ಮನಿ ತುಂಬ ಇರ್ತದ. ಕಣ್ಣು ಹೋಗ್ಯಾವ, ಮೂಗು ಹೋಗಿಲ್ಲ." ನಾ ತಲಿ ಕೆಳಗ ಹಾಕಿದೆ. ಅವರಿಗೆ ಅದು ಕಾಣೂದಿಲ್ಲ ಅಂತನೂ ನೆನಪಾಗಲಿಲ್ಲ. "ಡಬ್ಬಿ ದಿನಾ ಬೆಚ್ಚಗಿರ್ತದ ಅಂತನೂ ಗೊತ್ತಿತ್ತು. ಚಳಿಗಾಲದಾಗ ಅದರ ಮ್ಯಾಲೆ ಕೈ ಕಾಸಿಕೋತಿದ್ದೆ. ಅದಕ್ಕ ಕೆಟ್ಟದು ಅಂತ ಹೇಳಿದ್ರ ನಾನ ತಗೀತಿದ್ದೆ. ಒಲಿ ಮ್ಯಾಲೆ ಯಾರರೆ ಅರಿವಿ ಹೊದಸ್ತಾರೇನು?" ಒಂದೀಟು ತಡದು ಅಂದ್ರು, "ಅದನ್ನ ಎಲ್ಲೆರೆ ಕಸದಾಗ ಹಾಕೀಯೇನೋ ಅಂತ ಮೂರು ದಿನಾ ನಿದ್ದಿ ಬರಲಿಲ್ಲ ನೋಡು."

ನನಗ ಅಲ್ಲಿ ಅಳು ತಡೀಲಿಲ್ಲ. ಅವರಿಗೆ ನೋವಾಗಬಾರದು ಅಂತ ಸುಳ್ಳು ಹೇಳಿದ್ದೆ. ಹಂಗ ಹೇಳಿ ಮೂರು ರಾತ್ರಿ ನಿದ್ದಿ ಕೆಡಿಸಿದ್ದೆ. ಕಣ್ಣು ಕಾಣೂದಿಲ್ಲ ಅಂದ್ರ ಏನು ಹೇಳಿದ್ರೂ ನಡೀತದ ಅಂತ ಎಲ್ಲೋ ಒಳಗ ಅಂದ್ಕೊಂಡಿದ್ದೆ, ಅದು ಅವತ್ತು ನನಗ ಕಂಡಿತು.

ಈಗ ಹೆಂಗ ಇಟ್ಟೀವಿ ಅಂದ್ರ: ಡಬ್ಬಿ ಶೋಕೇಸಿನಿಂದ ಹೊರಗ ಬಂದದ. ಟೀವಿ ಪಕ್ಕದ ತೆರದ ಹಲಗಿ ಮ್ಯಾಲೆ ಇಟ್ಟೀವಿ. ಮ್ಯಾಲೆ ಒಂದು ಗೇಣು ಬಯಲು, ಎರಡೂ ಬಾಜೂಕ, ಹಿಂದ ನಾಲ್ಕು ನಾಲ್ಕು ಬೆರಳು ಜಾಗಾ. ಅದರ ಮ್ಯಾಲೆ ಏನೂ ಇಡೂದಿಲ್ಲ, ಕುಂಕುಮದ ಭರಣಿನೂ ಇಲ್ಲ. ಹುಡುಗ್ರು ಟೀವಿ ಆರಿಸಿದ್ರ ಡಬ್ಬಿನೂ ಆರಿಸಬೇಕು ಅಂತ ಕಾನೂನಾಗೇದ. ಸುಮ್ಮನ ಹಚ್ಚಿಟ್ಟರೂ ಅದು ಕಾವು ತಿಂತದ. ಕಾವಿನಾಗ ಇದ್ದಷ್ಟೂ ಆ ಕೆಪಾಸಿಟರಿನ ಆಯುಷ್ಯ ಕಡಿಮಿ ಆಗ್ತದಂತ. ಹತ್ತು ಡಿಗ್ರಿ ಕಾವು ಇಳದ್ರ ಆಯುಷ್ಯ ಸುಮಾರು ಎರಡು ಪಟ್ಟಾಗ್ತದ ಅಂತ ಅವರ ಲೆಕ್ಕ. ಎಂಟೂವರಿ ಸಾವಿರ ಉಳೀತು, ಖರ್ಚಾದದ್ದು ಪಕ್ಕದ ಮನಿ ಹುಡುಗಗ ಕೊಟ್ಟ ಒಂದು ಡಬ್ಬಿ ಬೇಸನ್ ಉಂಡಿ.

ನಿಮ್ಮ ಮನ್ಯಾಗೂ ಇಂಥಾದ್ದು ಇದ್ರ ಇಷ್ಟು ಮಾಡ್ರಿ. ಒಂದು ತಾಸು ಹಾಡಿದ ಮ್ಯಾಲೆ ಮ್ಯಾಲೆ ಅಂಗೈ ಇಟ್ಟು ನೋಡ್ರಿ. ಬೆಚ್ಚಗಿದ್ರ ಚಿಂತಿ ಇಲ್ಲ. ಕೈ ಇಡಲಿಕ್ಕೆ ಆಗಲಿಲ್ಲ ಅಂದ್ರ ಅದಕ್ಕ ಗಾಳಿ ಸಾಲವಲ್ದು, ಇಲ್ಲಾ ಭಾರ ಹೆಚ್ಚಾಗೇದ. ಸುಟ್ಟ ವಾಸನಿ ಬಂದ್ರ ಮಾತ್ರ ಯಾವ ಪರೀಕ್ಷಾನೂ ಬ್ಯಾಡ, ಪ್ಲಗ್ ಕಿತ್ತು ಬಲ್ಲವರನ್ನ ಕರೀರಿ. ಗಾಳಿ ಬಿಟ್ಟ ಮ್ಯಾಲೂ ಆರಿದ್ರ, ಸ್ಪೀಕರಿನ ವಾಯರೆಲ್ಲಾ ಬಿಚ್ಚಿ ಬರೇ ಡಬ್ಬಿ ಹಚ್ಚಿ ಬಿಡ್ರಿ. ಆಗೂ ಆರಿದ್ರ ರೋಗಾ ಒಳಗದ, ರಿಪೇರಿಯವರ ಕೆಲಸ. ಆರಲಿಲ್ಲ ಅಂದ್ರ ಪ್ರತಿ ಸಲ ಪ್ಲಗ್ ಕಿತ್ತು ಒಂದೊಂದ ಸ್ಪೀಕರ್ ಸೇರಿಸಿಕೋತ ಬರ್ರಿ. ಕಳ್ಳಾ ಸಿಗ್ತಾನ. ಕಳ್ಳಾ ನೀವ ಆಗಿದ್ರೂ ಆಶ್ಚರ್ಯ ಪಡಬ್ಯಾಡ್ರಿ.

ಜಾಳಿಗಿ ಈಗ ಅತ್ತಿಯವರ ಬೆತ್ತದ ಕುರ್ಚಿಯ ಬಲಗೈ ಮ್ಯಾಲೆ ಅದ. ಕೇಳಿಕೋತ ಅದರ ಅಂಚಿನ ಮೊಗ್ಗು ಎಣಸ್ತಾರ, ಬಹುಶಃ ತಾಳಾ ಹಾಕ್ತಾರ. ಅಡಗಿ ಮನಿ ಸ್ಪೀಕರ್ ಮತ್ತ ಅಟ್ಟಾ ಹತ್ತೇದ. ನಮ್ಮನಿಯವರು "ನಿನಗ ಅಂತ ಒಂದು ಸಣ್ಣ ಬ್ಲೂಟೂತಿಂದು ತರಲಾ?" ಅಂದ್ರು. ಬ್ಯಾಡ್ರಿ ಅಂದೆ. ಅವರೀಕಾಯಿ ಬುಟ್ಟಿ, ಸೊಪ್ಪು, ಈಳಿಗಿ ಎಲ್ಲಾ ಈಗ ಸಂಜಿಕೆ ಪಡಸಾಲಿಗೇ ಬರ್ತಾವ. ನಿನ್ನೆ ಮೆಂತೆ ಸೋಸಿಕೋತ ಕೂತಾಗ "ಈ ನಿಷಾದ ನೋಡ್ರಿ ಅತ್ತಿ" ಅಂದೆ. "ಅದು ನಿಷಾದ ಅಲ್ಲ ಬಿಡು, ಧೈವತ" ಅಂದ್ರು. ಮೆಂತೆನೂ ಸರಿ ಸೋಸಿದ್ದಿಲ್ಲ ಅಂತ ಊಟದಾಗ ಗೊತ್ತಾತು.

ಉಪ್ಪಿನಕಾಯಿದು ಮುಂದಿನ ಸಲ, ಖರೇನೂ.